ದುಗ್ಗಮ್ಮನ ಮಾತು ತಿದ್ದಿದ ಮಳೆಗಾಲ

ಹೋದ ತಿಂಗಳು ಬೈಂದೂರಿನಿಂದ ಕುಂದಾಪುರಕ್ಕೆ ಹೊರಟಿದ್ದ ನಮ್ಮ ಬಸ್ಸು ತ್ರಾಸಿಯಲ್ಲಿ ಕೆಟ್ಟು ನಿಂತಿತು. ಡ್ರೈವರು ಬಸ್ಸಿನ ಅಡಿಗೆ ತೂರಿ ಏನನ್ನೋ ಬಡಿಯತೊಡಗಿದ. ನಾವೆಲ್ಲ ಇಳಿದು ಕಡಲಿನ ಬದಿಗೆ ನಡೆದೆವು. ಮರಳಿನ ಮೇಲೆ ಕವುಚಿ ಹಾಕಿದ್ದ ದೋಣಿಯೊಂದಕ್ಕೆ ಇಬ್ಬರು ಗೇರೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯ ವಾಸನೆ ಮೂಗಿಗೆ ಅಡರಿದರೆ ಗಂಟಲಿನವರೆಗೂ ಉರಿಯುತ್ತದೆ. ಉಳಿದವರು ಸೆರಗು, ಕರವಸ್ತ್ರ ಮೂಗಿಗೆ ಹಿಡಿದು ದೂರ ಸರಿದರು. ನಾನು ಮಾತ್ರ ಅಲ್ಲೇ ನಿಂತೆ. ಬಸ್ಸು ಸರಿಯಾಗಿ ಕಂಡಕ್ಟರು ಕೂಗಿದ್ದು ಕೂಡ ನನಗೆ ಕೇಳಿಸಲಿಲ್ಲವಂತೆ. ಪಕ್ಕದ ಸೀಟಿನವರು ಬಂದು ತೋಳು ಮುಟ್ಟಿ ಕರೆದರು.

ಅರವತ್ತಮೂರನೇ ಇಸವಿಯ ಮಳೆಗಾಲವಿಡೀ ನನ್ನ ಅಂಗಿ, ಪಂಚೆ, ಕೈಬೆರಳು, ಉಣ್ಣುವ ಅನ್ನ ಎಲ್ಲಕ್ಕೂ ಆ ವಾಸನೆಯೇ ಹತ್ತಿತ್ತು. ಆ ಮಳೆಗಾಲದಲ್ಲಿ ನಾನೂ ಗಂಗೊಳ್ಳಿಯ ಶೀನನೂ ಸೇರಿ ಕೈಯಲ್ಲೇ ಒಂದು ಪುಸ್ತಕ ಮಾಡಿದೆವು. ಅದರ ಮೂವತ್ತು ಪ್ರತಿಗಳ ಮೇಲೂ ಇವತ್ತಿಗೆ ಇರುವುದು ನನ್ನೊಬ್ಬನ ಹೆಸರು.

ನನ್ನ ಊರು ಬ್ರಹ್ಮಾವರ. ಚಿತ್ರಕಲೆಯ ಪರೀಕ್ಷೆ ಪಾಸು ಮಾಡಿ, ಗಂಗೊಳ್ಳಿಯ ಶಾಲೆಯೊಂದಕ್ಕೆ ಡ್ರಾಯಿಂಗ್ ಮಾಸ್ತರನಾಗಿ ಸೇರಿ ಎರಡು ವರ್ಷವಾಗಿತ್ತು. ದಿನಸಿ ಅಂಗಡಿಯೊಂದರ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ವಾರಕ್ಕೆ ನಾಲ್ಕು ಗಂಟೆ ಪಾಠ. ಅದರಲ್ಲೂ ಲೆಕ್ಕದ ಮಾಸ್ತರರು ಎರಡು ಗಂಟೆ ತಮಗೆ ಬೇಕೆಂದು ಕೇಳಿ ಪಡೆಯುತ್ತಿದ್ದರು. ಮಕ್ಕಳಿಗೆ ಮಾವಿನಕಾಯಿ, ಹೂಜಿ, ರಾಷ್ಟ್ರಧ್ವಜ ಬರೆಯಲು ಕಲಿಸುವುದು ನನ್ನ ಕೆಲಸ. ಮನಸ್ಸಿನಲ್ಲಿ ಮಾತ್ರ ನಾನು ದೊಡ್ಡ ಕಲಾವಿದ. ಮದರಾಸಿಗೋ ಮುಂಬಯಿಗೋ ಹೋಗಬೇಕಾಗಿದ್ದವನು ಏನೋ ಗ್ರಹಚಾರದಿಂದ ಇಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದೇ ನನ್ನ ಎಣಿಕೆ.

ಶೀನ ದೋಣಿಗಳಿಗೆ ಬಣ್ಣ ಬಳಿಯುವವನು. ಮೀನು ಹಿಡಿಯುವ ಮೊಗವೀರರ ಮನೆಯವನಾದರೂ ಕಡಲಿಗೆ ಹೋಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಿದ್ದು ಎಡಗಾಲು ಊನವಾಗಿತ್ತು. ಮೂರನೇ ಕ್ಲಾಸಿನವರೆಗೆ ಓದಿದ್ದ. ಆದರೆ ದೋಣಿಯ ಮೂತಿಯ ಮೇಲೆ ಅವನು ಬರೆದ ಅಕ್ಷರಗಳನ್ನು ನೋಡಿ ನಾನು ನಿಂತುಬಿಟ್ಟಿದ್ದೆ. ಹಲಗೆ ಬಾಗುವಲ್ಲಿ ಅಕ್ಷರವೂ ಬಾಗಿ, ದೂರದಿಂದ ಕಂಡರೆ ನೆಟ್ಟಗೆ ಕಾಣುವಂತೆ ಬರೆಯುತ್ತಿದ್ದ. ಯಾರು ಕಲಿಸಿದರು ಎಂದು ಕೇಳಿದರೆ, ದೋಣಿಯೇ ಹೇಳುತ್ತದೆ ಎಂದು ನಕ್ಕ. ಅಂದಿನಿಂದ ನಮ್ಮ ಸ್ನೇಹ. ಇಬ್ಬರಿಗೂ ಇಪ್ಪತ್ತೈದರ ಆಸುಪಾಸು. ಅವನು ನನ್ನನ್ನು ‘ಮಾಷ್ಟ್ರೆ, ನೀವು’ ಎನ್ನುತ್ತಿದ್ದ. ನಾನು ‘ಶೀನ, ನೀನು’ ಎನ್ನುತ್ತಿದ್ದೆ. ಅದನ್ನು ಬದಲಿಸಬಹುದಿತ್ತು ಎಂದು ಆಗ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಜೂನ್ ಹಿಡಿಯಿತೆಂದರೆ ದೋಣಿಗಳೆಲ್ಲ ದಡಕ್ಕೆ ಬರುತ್ತವೆ. ಕಡಲು ಎದ್ದು ಅಳಿವೆಯ ಬಾಯಲ್ಲಿ ನೊರೆ ಕಾರುತ್ತದೆ. ಬಣ್ಣದ ಕೆಲಸವಿಲ್ಲ. ಆ ವರ್ಷ ಮಳೆ ಸುರುವಾದ ಎರಡನೆಯ ವಾರ ನಾನು ಶೀನನ ಮನೆಯ ಜಗಲಿಯಲ್ಲಿ ಕೂತಿದ್ದೆ. ಅವನು ಅಬ್ಬಿ ಎಂದು ಕರೆಯುತ್ತಿದ್ದ ಅವನ ತಾಯಿ ದುಗ್ಗಮ್ಮ ಒಳಗೆ ಒಣಮೀನು ಆರಿಸುತ್ತ, ತನ್ನ ಗಂಡ ಕಡಲಲ್ಲಿ ಕಳೆದುಹೋಗಿ ಹನ್ನೆರಡು ದಿನದ ಮೇಲೆ ಬಂದ ಕತೆಯನ್ನು ಹೇಳಿದಳು. ಆಕೆ ಅದನ್ನು ಎಷ್ಟೋ ಸಲ ಹೇಳಿದ್ದಳಂತೆ. ಪ್ರತಿ ಸಲವೂ ಅದೇ ಮಾತು, ಅದೇ ಜಾಗದಲ್ಲಿ ಅದೇ ನಿಲುಗಡೆ. ನಾನು ಕೇಳಿದ್ದು ಮೊದಲ ಸಲ.

ಕತೆ ದೊಡ್ಡದೇನಲ್ಲ. ಮಳೆಗಾಲಕ್ಕೆ ಮುಂಚಿನ ಕೊನೆಯ ಬೇಟೆಗೆ ಹೋದ ದೋಣಿ ಗಾಳಿಗೆ ಸಿಕ್ಕಿ ಮಗುಚಿತು. ಐವರಲ್ಲಿ ಇಬ್ಬರು ಈಜಿ ದಡ ಸೇರಿದರು, ಇಬ್ಬರ ಹೆಣ ಬಂತು. ದುಗ್ಗಮ್ಮನ ಗಂಡ ಮಾತ್ರ ಇಲ್ಲ. ನಾಲ್ಕನೆಯ ದಿನ ಕೇರಿಯ ಹಿರಿಯ ಹೆಂಗಸರು ಬಂದು ಬಳೆ ತೆಗೆಯಬೇಕು ಎಂದರು. “ಹೆಣ ಬರ್ಲಿ, ಮತ್ತ್ ಕಾಂಬ” ಎಂದು ದುಗ್ಗಮ್ಮ ಹೇಳಿದಳು. ದಿನಾ ಸಂಜೆ ಅವನ ಪಾಲಿನ ಗಂಜಿ ಬಡಿಸಿ ಇಟ್ಟಳು. ಬೆಳಿಗ್ಗೆ ಅದೇ ತಣ್ಣನೆಯ ಗಂಜಿಯನ್ನು ತಾನು ಕುಡಿದು ಮೀನಿನ ಬುಟ್ಟಿ ಹೊತ್ತು ಹೋದಳು. ಅತ್ತ ಅವನನ್ನು ಬಡಗು ದಿಕ್ಕಿಗೆ ಹೋಗುತ್ತಿದ್ದ ಮಂಜಿ ಎಂಬ ಸರಕಿನ ಹಾಯಿಹಡಗಿನವರು ಎತ್ತಿಕೊಂಡು ಹೊನ್ನಾವರದಲ್ಲಿ ಇಳಿಸಿದ್ದರು. ಅಲ್ಲಿ ಜ್ವರ ಬಂದು ಬಿದ್ದಿದ್ದವನು ಎದ್ದು ನಡೆದೇ ಬಂದ. ಹನ್ನೆರಡನೆಯ ಸಂಜೆ ಬಾಗಿಲಲ್ಲಿ ನಿಂತ. ದುಗ್ಗಮ್ಮ ಅವನನ್ನು ನೋಡಿ ಹೇಳಿದ್ದು ಇಷ್ಟೇ:

“ಎಲ್ ಹೋಯಿದ್ರಿ? ಗಂಜಿ ತಣ್ದ್ ಹೋಯ್ತ್ ಕಾಣಿ.”

ಆಮೇಲೆ ಅವಳು ಹಿತ್ತಿಲಿಗೆ ಹೋಗಿ ಬಾವಿಯಿಂದ ನೀರು ಸೇದಿದಳು. ಹಂಡೆ ತುಂಬಿತು, ಕೊಡಪಾನ ತುಂಬಿತು, ಕಲ್ಲಿನ ಮರಿಗೆಯೂ ತುಂಬಿ ಹರಿಯಿತು. ಆದರೂ ಸೇದುತ್ತಲೇ ಇದ್ದಳು. “ಯಾರಿಗೂ ನೀರ್ ಬೇಕಾಯಿರ್ಲಿಲ್ಲೆ” ಎಂದು ಹೇಳಿ ದುಗ್ಗಮ್ಮ ಒಣಮೀನಿನ ಬುಟ್ಟಿಯನ್ನು ಆಚೆಗೆ ಸರಿಸಿದಳು. ಕತೆ ಮುಗಿಯಿತು.

ಆ ಗಂಡ ಆಮೇಲೆ ಹದಿನೈದು ವರ್ಷ ಬದುಕಿದ್ದು, ಹೊಟ್ಟೆನೋವಿನಿಂದ ಮನೆಯಲ್ಲೇ ತೀರಿಹೋದನಂತೆ. ಅದನ್ನು ಶೀನ ಹೇಳಿದ. ದುಗ್ಗಮ್ಮನ ಕತೆಯಲ್ಲಿ ಅದು ಬರುತ್ತಿರಲಿಲ್ಲ.

ಇದನ್ನು ಪುಸ್ತಕ ಮಾಡುವ ಎಂದವನು ನಾನು. ಹೇಗೆ ಮಾಡಬಹುದು ಎಂದು ತೋರಿಸಿದವನು ಶೀನ. ಮರದ ಅಚ್ಚು ಕೊರೆದು ಚಿತ್ರ ಒತ್ತುವುದು ನನಗೆ ಪುಸ್ತಕದಿಂದ ಗೊತ್ತಿತ್ತು. ಮರ ಗೊತ್ತಿದ್ದದ್ದು ಅವನಿಗೆ. ದೋಣಿ ಕಟ್ಟುವಲ್ಲಿಂದ ಹಲಸಿನ ತುಂಡುಗಳನ್ನು ತಂದ. ಅಕ್ಷರವನ್ನೂ ಮರದಲ್ಲೇ ಕೊರೆಯುವುದೆಂದಾಯಿತು, ಪ್ರತಿ ಪುಟಕ್ಕೆ ಚಿತ್ರದ್ದೊಂದು ಅಚ್ಚು, ಮಾತಿನದೊಂದು ಅಚ್ಚು. ನಾನು ಕನ್ನಡಿ ಹಿಡಿದು ಅಕ್ಷರಗಳನ್ನು ತಿರುವುಮುರುವು ಮಾಡಿ ಬರೆದುಕೊಡಲು ಹೋದರೆ ಅವನಿಗೆ ಅದರ ಅಗತ್ಯವೇ ಬೀಳಲಿಲ್ಲ. ನೇರ ಮರದ ಮೇಲೆ ಉಲ್ಟಾ ಅಕ್ಷರ ಕೊರೆಯುತ್ತಿದ್ದ. ಕಾಗದವನ್ನು ನಾನು ಉಡುಪಿಯ ಖಾದಿ ಅಂಗಡಿಯಿಂದ ತಂದೆ, ಕೈಯಲ್ಲಿ ಮಾಡಿದ ದಪ್ಪ ಕಾಗದ. ಶಾಯಿಗೆ ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಕುದಿಸಿ ಅರೆದೆವು. ಒತ್ತಲು ಯಂತ್ರವಿಲ್ಲ. ಅಚ್ಚಿನ ಮೇಲೆ ಕಾಗದ ಹಾಸಿ, ತೆಂಗಿನ ಚಿಪ್ಪಿನ ಸೌಟನ್ನು ಬೋರಲು ಹಿಡಿದು ಬೆನ್ನಿನಿಂದ ತಿಕ್ಕುವುದು. ರಟ್ಟಿಗೆ ಹೊದಿಸಲು ಹಳೆಯ ಹಾಯಿಬಟ್ಟೆ. ಹುಳ ಹಿಡಿಯದಿರಲೆಂದು ಅದಕ್ಕೆ ಶೀನ ತೆಳ್ಳಗೆ ಗೇರೆಣ್ಣೆ ಸವರಿದ. ಅವನ ಬೆರಳ ತುದಿಗಳೆಲ್ಲ ಸುಟ್ಟು ಸಿಪ್ಪೆ ಏಳುತ್ತಿದ್ದವು. ಹೊಲಿಯಲು ಬಲೆಯ ನೂಲು. ಅದನ್ನು ದುಗ್ಗಮ್ಮನೇ ಹುರಿ ಮಾಡಿಕೊಟ್ಟಳು.

ಕೆಲಸ ಮಾಡುತ್ತ ನಮಗೆ ಜಗಳವಾದದ್ದು ಒಂದೇ ಸಲ, ಕಡಲಿನ ಚಿತ್ರಕ್ಕೆ. ನಾನು ಅಲೆಗಳನ್ನು ಗೆರೆ ಗೆರೆಯಾಗಿ ಬರೆದುಕೊಟ್ಟಿದ್ದೆ. ಶೀನ ಉಳಿಯನ್ನು ಕೆಳಗಿಟ್ಟ.

“ಕಡ್ಲಂಬುದ್ ಗೆರಿಯಲ್ಲ ಮಾಷ್ಟ್ರೆ” ಎಂದ.

ಮರುದಿನ ಎಲ್ಲಿಂದಲೋ ಒಂದು ಹಳೆಯ ಹಲಗೆ ಹೊತ್ತು ತಂದ. ಒಡೆದ ದೋಣಿಯದು. ಬಿಸಿಲು ಉಪ್ಪುನೀರು ಎರಡೂ ತಿಂದು ಮರದ ಮೆತ್ತನೆಯ ಭಾಗವೆಲ್ಲ ಸವೆದು ಗಟ್ಟಿ ನಾರಷ್ಟೇ ಮೇಲೆದ್ದು ನಿಂತಿತ್ತು. ಏನೂ ಕೊರೆಯದೆ ಅದಕ್ಕೆ ಶಾಯಿ ಬಳಿದು ಕಾಗದ ಒತ್ತಿದ. ಕಾಗದ ಎತ್ತಿದಾಗ ಅಲ್ಲಿ ಕಡಲಿತ್ತು. ನಾನು ನನ್ನ ಚಿತ್ರವನ್ನು ಮಡಚಿ ಕಿಸೆಗೆ ಹಾಕಿಕೊಂಡೆ. ನನ್ನ ಜೀವನದಲ್ಲಿ ನಾನು ಪಾಲುಗೊಂಡ ಕೆಲಸಗಳಲ್ಲಿ ಅದಕ್ಕಿಂತ ಚೆಂದದ ಪುಟ ಇನ್ನೊಂದಿಲ್ಲ. ಅದರಲ್ಲಿ ನನ್ನ ಪಾಲು, ಸುಮ್ಮನಾದದ್ದು.

ದುಗ್ಗಮ್ಮನಿಗೆ ಓದು ಬಾರದು. ಆದರೆ ಪ್ರತಿ ಚಿತ್ರವನ್ನೂ ಅವಳಿಗೆ ತೋರಿಸದೆ ಶೀನ ಮುಂದೆ ಹೋಗುತ್ತಿರಲಿಲ್ಲ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿ, ಬೆರಳನ್ನು ಕಾಗದಕ್ಕೆ ತಾಗಿಸದೆ ಮೇಲಿಂದಲೇ ಆಡಿಸುತ್ತಿದ್ದಳು. ದೋಣಿಯ ಮೂತಿ ಇನ್ನೂ ಉದ್ದವಿತ್ತು ಎಂದಳು. ಶೀನ ಎರಡು ದಿನದ ಕೆಲಸ ಬಿಸಾಡಿ ಹೊಸ ಅಚ್ಚು ಕೊರೆದ. ಬಾಗಿಲು ಎಡಕ್ಕಿರಲಿಲ್ಲ, ಬಲಕ್ಕಿತ್ತು ಎಂದಳು, ಅದನ್ನೂ ಕೊರೆದ. ಮಾತಿನ ಅಚ್ಚು ಕೊರೆಯುವಾಗಲಂತೂ ಅವಳನ್ನು ಎದುರು ಕೂರಿಸಿಕೊಂಡು ಒಂದೊಂದೇ ಸಾಲು ಹೇಳಿಸುತ್ತಿದ್ದ. ನಾನು ಚೀಟಿಗಳ ಮೇಲೆ ಬರೆದುಕೊಂಡೆ, ಕೊರೆದಾದ ಮೇಲೆ ಅವನ್ನು ಬಿಸಾಡಿದೆವು. ನಮ್ಮ ಮನೆಯಲ್ಲೂ ಆಡುವ ಮಾತು ಅದೇ, ಬ್ರಹ್ಮಾವರದಲ್ಲಿ ನನ್ನ ಅಮ್ಮ ಬೈಯುವುದೂ ಕರೆಯುವುದೂ ಅದೇ ಕುಂದಾಪ್ರ ಕನ್ನಡದಲ್ಲಿ. ಆದರೂ ‘ಹೋಯಿದ್ರಿ’ ಎಂಬುದನ್ನು ಕಾಗದದ ಮೇಲೆ ಬರೆಯುವಾಗ ಏನೋ ಒಂದು ಥರ ನಾಚಿಕೆಯಾಯಿತು, ಒಳಗಿನ ಬಟ್ಟೆಯನ್ನು ಹೊರಗೆ ಒಣಹಾಕಿದ ಹಾಗೆ.

ಜುಲೈ ಕೊನೆಗೆ ಹದಿನಾಲ್ಕು ಪುಟಗಳ ಒಂದು ಪ್ರತಿ ಸಿದ್ಧವಾಯಿತು. ಕೊನೆಯ ಪುಟದಲ್ಲಿ ಮೂರು ಸಾಲು: ಹೇಳಿದವರು ದುಗ್ಗಮ್ಮ, ಕೊರೆದವರು ಶೀನ, ಬರೆದವರು ವಾಸುದೇವ, ಎಂದರೆ ನಾನು. ದುಗ್ಗಮ್ಮನ ಕೈಯಲ್ಲಿಟ್ಟು ಶೀನ ಅದನ್ನು ಮೊದಲಿಂದ ಕೊನೆಯವರೆಗೆ ಕೂಡಿಸಿ ಕೂಡಿಸಿ ಓದಿದ. ಅವಳು ಪ್ರತಿ ಸಾಲಿಗೂ, ಓದುವ ಮೊದಲೇ, ತುಟಿ ಆಡಿಸುತ್ತಿದ್ದಳು.

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು.

ಹೊಳೆಯ ಆಚೆ ಕುಂದಾಪುರದಲ್ಲಿ ರಿಟೈರಾದ ಹೆಡ್‌ಮಾಸ್ತರರೊಬ್ಬರಿದ್ದರು. ಊರಿನವರು ರಾಯರು ಎಂದೇ ಕರೆಯುತ್ತಿದ್ದರು. ಮನೆ ತುಂಬ ಪುಸ್ತಕ, ಸಂಗೀತ, ಬಂದವರಿಗೆಲ್ಲ ಕಾಫಿ. ನವರಾತ್ರಿಗೆ ಅವರು ಊರ ಕಲಾವಿದರ ಒಂದು ಪ್ರದರ್ಶನ ಏರ್ಪಡಿಸುವವರಿದ್ದರು, ಮಂಗಳೂರಿನಿಂದಲೂ ದೊಡ್ಡವರು ಬರುವವರಿದ್ದರು. ಮಳೆ ಸ್ವಲ್ಪ ಬಿಟ್ಟ ದಿನ ನಾನು ಹೊಳೆ ದಾಟಿ ಪುಸ್ತಕವನ್ನು ಅವರಿಗೆ ತೋರಿಸಿದೆ. ಶೀನನನ್ನು ಕರೆದುಕೊಂಡು ಹೋಗಲಿಲ್ಲ. ಅವನಿಗೆ ದೋಣಿ ಹತ್ತಿ ಇಳಿಯುವುದು ಕಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ದೋಣಿಯಲ್ಲೇ ಹುಟ್ಟಿ ಬೆಳೆದವನು ಅವನು.

ರಾಯರು ಕಡಲಿನ ಪುಟವನ್ನು ನೋಡಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಇಂಥದ್ದನ್ನು ನಮ್ಮ ಜಿಲ್ಲೆಯಲ್ಲಿ ಕಂಡಿಲ್ಲ ಎಂದರು. ನನಗೆ ಮೈಯೆಲ್ಲ ಬೆಚ್ಚಗಾಯಿತು. ಆಮೇಲೆ ಅವರು ಮಾತಿನ ಪುಟಗಳನ್ನು ಓದುತ್ತ ಮುಗುಳ್ನಕ್ಕರು. ಚಿತ್ರ ಇಷ್ಟು ಗಂಭೀರವಾಗಿದೆ, ಭಾಷೆ ಹೀಗೆ ಮೀನುಪೇಟೆಯ ಭಾಷೆಯಾದರೆ ಹೊರಗಿನವರು ನಗುತ್ತಾರಲ್ಲ, ಶಿಷ್ಟ ಕನ್ನಡದಲ್ಲಿ ಸ್ವಲ್ಪ ಭಾವಪೂರ್ಣವಾಗಿ ಬರೆದರೆ ಎಲ್ಲಿಗೆ ಬೇಕಾದರೂ ಕಳಿಸಬಹುದು ಎಂದರು. ಒತ್ತಾಯವೇನೂ ಮಾಡಲಿಲ್ಲ. ಬೇಡ ಎಂದಿದ್ದರೆ ಅವರು ಅದನ್ನು ಇದ್ದ ಹಾಗೆಯೇ ಇಡುತ್ತಿದ್ದರೆಂದು ಈಗ ಅನಿಸುತ್ತದೆ. ನಾನು ಬೇಡ ಎನ್ನಲಿಲ್ಲ. ನೀವು ಹೇಳುವುದು ಸರಿ, ನನಗೂ ಹಾಗೇ ಅನಿಸಿತ್ತು ಎಂದೆ. ಪ್ರತಿಯನ್ನು ಅವರಲ್ಲೇ ಬಿಟ್ಟು ಬಂದೆ.

ಅದೇ ಹೊತ್ತಿಗೆ ಶೀನ ಬೈಂದೂರಿಗೆ ಹೋಗಬೇಕಾಗಿ ಬಂತು. ಅವನ ತಂಗಿಗೆ ಹೆರಿಗೆಯಾಗಿತ್ತು. ಒಂದು ವಾರ ಬರುವುದಿಲ್ಲ, ಬಂದ ಮೇಲೆ ಉಳಿದ ಪ್ರತಿಗಳನ್ನು ಒತ್ತುವ ಎಂದು ಹೇಳಿ ಹೋದ. ಆ ವಾರ ನಾನು ನನ್ನ ಮಾಳಿಗೆಯ ಬಾಗಿಲು ಹಾಕಿಕೊಂಡು ದುಗ್ಗಮ್ಮನ ಕತೆಯನ್ನು ಹೊಸದಾಗಿ ಬರೆದೆ. ಅವಳು ‘ಒಬ್ಬ ಬೆಸ್ತರ ಹೆಣ್ಣು’ ಆದಳು. ಬಳೆ ತೆಗೆಯಲು ಬಂದವರ ಮುಂದೆ ಅವಳು ಕೈಮುಗಿದು ರೋದಿಸಿದಳು. ಗಂಡ ಬಂದಾಗ ‘ಪ್ರಾಣನಾಥಾ, ನಿಮ್ಮನ್ನು ಕಾಣದೆ ಕಂಬನಿಯ ಕಡಲಲ್ಲಿ ಮುಳುಗಿದ್ದೆ’ ಎಂದು ಅವನ ಪಾದಕ್ಕೆರಗಿದಳು. ಗಂಜಿ ಹೋಯಿತು. ಬಾವಿಯೂ ಹೋಯಿತು, ಅದು ಏಕೆಂದು ಓದುವವರಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡೆ. ಶೀನನಷ್ಟು ಚೆನ್ನಾಗಿ ನನಗೆ ಮರ ಕೊರೆಯಲು ಬಾರದು. ಶಾಲೆಯಲ್ಲಿದ್ದ ಲಿನೋಲಿಯಮ್ ತುಂಡುಗಳಲ್ಲಿ ಅಕ್ಷರ ಕೊರೆದು, ಚಿತ್ರಕ್ಕೆ ಮಾಳಿಗೆಯಲ್ಲೇ ಇದ್ದ ಅವನ ಅಚ್ಚುಗಳನ್ನೇ ಇಟ್ಟು, ಮೂವತ್ತು ಪ್ರತಿಗೆ ಬೇಕಾದಷ್ಟನ್ನೂ ಒಬ್ಬನೇ ಒತ್ತಿ ಮುಗಿಸಿದೆ. ಕೆಲಸ ಮಾಡುವಾಗ ಒಮ್ಮೆಯೂ ಹಿಂದೆಮುಂದೆ ನೋಡಲಿಲ್ಲ ಎಂಬುದೇ ಈಗ ನನಗೆ ಸೋಜಿಗ. ಶೀನ ಬಂದು ನೋಡಿ ಖುಷಿಪಡುತ್ತಾನೆ, ಅವನ ಅರ್ಧ ಕೆಲಸ ಉಳಿಯಿತಲ್ಲ ಎಂದೇ ಭಾವಿಸಿದ್ದೆ. ಕೊನೆಯ ಪುಟವೊಂದನ್ನು ಮಾತ್ರ ಅವನೊಂದಿಗೆ ಒತ್ತುವ ಎಂದು ಉಳಿಸಿದ್ದೆ.

ಅವನು ಬಂದ ದಿನ ಭಾನುವಾರ. ಮಾಳಿಗೆಯಲ್ಲಿ ಹಗ್ಗ ಕಟ್ಟಿ ಹಾಳೆಗಳನ್ನು ಒಣಹಾಕಿದ್ದೆ. ಮೆಟ್ಟಿಲಲ್ಲಿ ಅವನ ಕಾಲಿನ ಸದ್ದು ಕೇಳಿಸಿತು, ಒಂದು ಗಟ್ಟಿ, ಒಂದು ಮೆಲ್ಲಗೆ. ಬಾಗಿಲಲ್ಲಿ ನಿಂತು ನಕ್ಕ. ತಂಗಿಗೆ ಗಂಡುಮಗು ಎಂದ. ಬೈಂದೂರಿನಿಂದ ತಂದಿದ್ದ ಅವಲಕ್ಕಿಯ ಪೊಟ್ಟಣ ನನ್ನ ಕೈಗೆ ಕೊಟ್ಟ. ಆಮೇಲೆ ಹಗ್ಗದ ಹತ್ತಿರ ಹೋಗಿ ಮೊದಲ ಹಾಳೆ ಓದಿದ. ಕೂಡಿಸಿ ಕೂಡಿಸಿ, ಸಣ್ಣ ದನಿಯಲ್ಲಿ. ಎರಡನೆಯದು ಓದಿದ. ಹದಿಮೂರನ್ನೂ ಓದಿದ. ನಾನು ಅವಲಕ್ಕಿ ಹಿಡಿದುಕೊಂಡು ನಿಂತೇ ಇದ್ದೆ.

“ಇದ್ ಅಬ್ಬಿ ಹೇಳದ್ದ್ ಅಲ್ಲ” ಎಂದ.

ರಾಯರು ಹೇಳಿದ್ದನ್ನು ಹೇಳಿದೆ. ಪ್ರದರ್ಶನದ ವಿಷಯ ಹೇಳಿದೆ. ಮಂಗಳೂರಿನಿಂದ ಬರುವವರ ವಿಷಯ, ನಮ್ಮಿಬ್ಬರ ಹೆಸರು ಎಲ್ಲೆಲ್ಲಿಗೆ ಹೋಗಬಹುದು ಎಂಬುದು, ಕತೆ ಅದೇ ಇದೆ ಮಾತು ಮಾತ್ರ ಸ್ವಲ್ಪ ತಿದ್ದಿದ್ದು ಎಂಬುದು, ಎಲ್ಲ ಹೇಳಿದೆ. ಅವನು ನನ್ನ ಮಾತನ್ನು ಪೂರ್ತಿ ಕೇಳಿದ. ಅವನು ಯಾವಾಗಲೂ ಹಾಗೆ, ನಡುವೆ ಬಾಯಿ ಹಾಕುವವನಲ್ಲ.

“ಅಬ್ಬಿ ಹತ್ರ ಕೇಂಡ್ರಿಯಾ?”

ಕೇಳಿಲ್ಲ ಎಂದೆ.

ಮಳೆ ಜೋರಾಗಿ ಹೆಂಚಿನ ಮೇಲೆ ಬೀಳುತ್ತಿತ್ತು. ಅವನು ಕೈ ಚಾಚಿ ಒಂದು ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ನೋಡಿದ, ಒಣಗಿತೋ ಎಂದು. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಹಾಳೆ ಹರಿದು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು. ನಾನು ಬೇಕಾದರೆ ಬಿಡುವ, ಮತ್ತೆ ಮೊದಲಿನ ಹಾಗೇ ಒತ್ತುವ ಎಂದೆ. ಆದರೆ ಆ ಮಾತನ್ನು ನಾನು ಹೇಳಿದ ರೀತಿ ನನಗೇ ಗೊತ್ತಿತ್ತು. ಬೇಡ ಎನ್ನಲಿ ಎಂದು ಕಾಯುವ ರೀತಿ. ಕೊನೆಯ ಪುಟಕ್ಕೆ ಎತ್ತಿಟ್ಟದ್ದು ಬಿಟ್ಟರೆ ಖಾದಿ ಕಾಗದವೂ ಮುಗಿದಿತ್ತು. ಅದು ಅವನಿಗೂ ಕಾಣುತ್ತಿತ್ತು.

“ಹಿಡ್ದ್ ಕೆಲ್ಸ ಅರ್ಧಕ್ಕ್ ಬಿಡುಕಾಗ. ಹೊಲ್ದ್ ಕೊಡ್ತೆ” ಎಂದ.

ಮುಂದಿನ ಮೂರು ವಾರ ಅವನು ದಿನಾ ಬಂದ. ಮನೆಯಲ್ಲಿ ಬೇಡ, ಮಾಳಿಗೆಯಲ್ಲೇ ಕೂತು ಹೊಲಿಯುತ್ತೇನೆ ಎಂದ. ಹಾಳೆ ಮಡಚಿದ, ದಬ್ಬಳದಲ್ಲಿ ತೂತು ಮಾಡಿದ, ನೂಲಿಗೆ ಮೇಣ ತಿಕ್ಕಿ ಹೊಲಿದ, ಹಾಯಿಬಟ್ಟೆಯನ್ನು ರಟ್ಟಿಗೆ ಎಳೆದು ಅಂಟಿಸಿದ. ಒಂದು ಹೊಲಿಗೆಯಲ್ಲೂ ಅಸಡ್ಡೆಯಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ತಾನಾಗಿ ಮಾತಾಡುತ್ತಿರಲಿಲ್ಲ. ಸೌಟು ತಿಕ್ಕುವಾಗ ಅವನು ಮೂಗಿನಲ್ಲಿ ಏನೋ ಗುನುಗುವ ರೂಢಿಯಿತ್ತು, ಅದು ನಿಂತುಹೋಗಿತ್ತು.

ಹೊಲಿಗೆಯಾದ ಮೇಲೆ ಅಂಟಿಸಬೇಕಿದ್ದ ಕೊನೆಯ ಪುಟ ಒತ್ತುವ ದಿನ ಮೂರು ಹೆಸರಿನ ಅಚ್ಚನ್ನು ನಾನು ಮೇಜಿನ ಮೇಲಿಟ್ಟು ಶಾಯಿ ಕಲಸಲು ತಿರುಗಿದೆ. ಹಿಂದೆ ಉಳಿಯ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಶೀನ ಮೇಲಿನ ಎರಡು ಸಾಲುಗಳನ್ನು ಕೆತ್ತಿ ತೆಗೆಯುತ್ತಿದ್ದ. ದುಗ್ಗಮ್ಮ ಹೋಗಿದ್ದಳು. ಶೀನ ಎಂಬುದರ ‘ಶೀ’ ಹೋಗಿತ್ತು, ‘ನ’ ಹೋಗುತ್ತಿತ್ತು. ನಾನು ಅವನ ಕೈ ಹಿಡಿದೆ. ಅವನು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದ.

“ಅಬ್ಬಿದೂ ಬ್ಯಾಡ, ನಂದೂ ಬ್ಯಾಡ. ಬರ್ದವ್ರ್ ನೀವ್.”

ಮರದ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡಿ ಕಿಟಕಿಯಿಂದ ಹೊರಗೆ ಹಾಕಿದ. ಆಮೇಲೆ ಅಚ್ಚನ್ನು ನನ್ನ ಮುಂದೆ ಸರಿಸಿದ. ನಾನು ಆಗಲೂ ನಿಲ್ಲಿಸಬಹುದಿತ್ತು. ಅದೊಂದು ಪುಟವನ್ನು ಹೊಸದಾಗಿ ಕೊರೆಯುವುದು ಎಷ್ಟರ ಕೆಲಸ? ಪ್ರದರ್ಶನಕ್ಕೆ ಇನ್ನೂ ದಿನವಿತ್ತು. ನಾನು ಶಾಯಿ ಬಳಿದೆ, ಕಾಗದ ಹಾಸಿದೆ, ತಿಕ್ಕಿದೆ. ಮೂವತ್ತು ಸಲ.

ಶೀನ ತನ್ನ ಅಚ್ಚುಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ಮನೆಗೆ ಹೋದ. ಸ್ವಲ್ಪ ದಿನದಲ್ಲೇ ದೋಣಿ ಇಳಿಸುವ ಕಾಲ ಬಂತು, ಅವನಿಗೆ ಬಣ್ಣದ ಕೆಲಸ ಸುರುವಾಯಿತು. ದಡದಲ್ಲಿ ಕಂಡರೆ “ಹ್ವಾಯ್ ಮಾಷ್ಟ್ರೆ” ಎಂದು ಮೊದಲಿನಂತೆಯೇ ಕೂಗುತ್ತಿದ್ದ. ನಾನು ಕೈಯೆತ್ತಿ ಮುಂದೆ ಹೋಗುತ್ತಿದ್ದೆ.

ಪ್ರದರ್ಶನದಲ್ಲಿ ಪುಸ್ತಕವನ್ನು ಎಲ್ಲರೂ ಹೊಗಳಿದರು. ಕೊನೆಯ ಪುಟದಲ್ಲಿ ನನ್ನ ಹೆಸರಿನ ಮೇಲೆ ಬಿಟ್ಟ ದೊಡ್ಡ ಖಾಲಿ ಜಾಗ ಬಹಳ ಅರ್ಥಪೂರ್ಣವಾಗಿದೆ ಎಂದು ಮಂಗಳೂರಿನಿಂದ ಬಂದಿದ್ದ ಒಬ್ಬರು ಹೇಳಿದರು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡರು. ಪ್ರತಿಗಳೆಲ್ಲ ಒಂದು ವರ್ಷದೊಳಗೆ ಖಾಲಿಯಾದವು, ನನ್ನಲ್ಲಿ ಒಂದೇ ಉಳಿಯಿತು. ಇನ್ನೊಂದು ಪುಸ್ತಕ ಯಾವಾಗ ಎಂದು ರಾಯರು ಕಂಡಾಗೆಲ್ಲ ಕೇಳುತ್ತಿದ್ದರು. ನಾನೊಬ್ಬನೇ ಎರಡು ಸಲ ಪ್ರಯತ್ನಿಸಿದೆ. ಮರದಲ್ಲಿ ಕಡಲು ಏಳಲಿಲ್ಲ.

ಎರಡು ವರ್ಷದ ಮೇಲೆ ನನಗೆ ಕುಂದಾಪುರದ ಶಾಲೆಗೆ ವರ್ಗವಾಯಿತು, ಮೂರನೆಯ ವರ್ಷ ಬೈಂದೂರಿಗೆ. ಅದಕ್ಕೆ ಸ್ವಲ್ಪ ಮುಂಚೆ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಶೀನ ಸಿಕ್ಕಿದ. ಇಂಜಿನ್ ದೋಣಿಗಳು ಬಂದಿದ್ದವು. ಅವಕ್ಕೆ ಹೆಸರು, ನಂಬರು ಬರೆಯಲು ಮಲ್ಪೆಯಲ್ಲಿ ಕೆಲಸವಿದೆ, ಅಲ್ಲೇ ಇದ್ದೇನೆ ಎಂದ. ಮದುವೆಯಾಗಿತ್ತು. ಹೋಟೆಲಿನಲ್ಲಿ ಚಾ ಕುಡಿದೆವು. ಬಹಳ ಹೊತ್ತಿನ ಮೇಲೆ ನಾನು ಹಳೆಯ ಅಚ್ಚುಗಳ ಬಗ್ಗೆ ಕೇಳಿದೆ. ದುಗ್ಗಮ್ಮನ ಮಾತಿನ ಅಚ್ಚುಗಳು ಇದ್ದರೆ ಮತ್ತೆ ಒತ್ತುವ, ಈ ಸಲ ಇದ್ದ ಹಾಗೇ ಒತ್ತುವ ಎಂದೆ. ರಾಯರ ಮನೆಯಲ್ಲಿ ಬಿಟ್ಟಿದ್ದ ಮೊದಲ ಪ್ರತಿಯ ರಟ್ಟು ಬಿಟ್ಟು ಹಾಳೆಗಳನ್ನೆಲ್ಲ ಗೆದ್ದಲು ತಿಂದಿದ್ದು ನನಗೆ ಗೊತ್ತಾಗಿತ್ತು.

“ಒಲಿಗ್ ಹಾಕ್ದೆ ಮಾಷ್ಟ್ರೆ. ಮಳ್ಗಾಲ್ದಗೆ ಒಣ ಕಟ್ಗಿ ಸಿಕ್ಕುದಿಲ್ಲೆ ಅಲ್ದಾ?” ಎಂದ. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಸ್ಸು ಬಂದಾಗ ಎದ್ದು, ಅಬ್ಬಿ ನಿಮ್ಮನ್ನು ಕೇಳುತ್ತಿರುತ್ತಾಳೆ, ಆ ಪುಸ್ತಕ ಓದಿ ಹೇಳುವವರಿಲ್ಲ ಎನ್ನುತ್ತಾಳೆ, ಒಮ್ಮೆ ಹೋಗಿ ಬನ್ನಿ ಎಂದ. ಅವಳಿಗೆ ಅವನು ಏನನ್ನೂ ಹೇಳಿರಲಿಲ್ಲ.

ಆ ವಾರವೇ ಹೋದೆ. ನನ್ನಲ್ಲಿದ್ದ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನದ ದೋಣಿಯಲ್ಲಿ ಹೊಳೆ ದಾಟಿದೆ. ದುಗ್ಗಮ್ಮನ ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದಲೇ ಗುರುತು ಹಿಡಿದು “ಮಾಷ್ಟ್ರಾ? ಬನ್ನಿ, ಕೂಕಣಿ” ಎಂದಳು. ಬೆಲ್ಲ, ನೀರು ಕೊಟ್ಟಳು. ನನ್ನ ಅಮ್ಮ ಹೇಗಿದ್ದಾಳೆಂದು ವಿಚಾರಿಸಿದಳು. ಆಮೇಲೆ ಪುಸ್ತಕವನ್ನು ಇಸಿದುಕೊಂಡು ಹಾಯಿಬಟ್ಟೆಯನ್ನು ಸವರಿ, ಹೊಲಿಗೆಯನ್ನು ಉಗುರಿನಿಂದ ಮುಟ್ಟಿ ನೋಡಿ, ಹುರಿ ಇನ್ನೂ ಗಟ್ಟಿ ಇದೆಯಲ್ಲ ಎಂದು ಸಂತೋಷಪಟ್ಟಳು. “ಓದಿ ಕಾಂಬ” ಎಂದು ಹಿಂದಕ್ಕೆ ಕೊಟ್ಟಳು.

ಬಾಯಿಪಾಠವಾಗಿ ಅವಳ ಮಾತನ್ನೇ ಹೇಳಿಬಿಡಬಹುದಿತ್ತು. ಬರುವಾಗ ದೋಣಿಯಲ್ಲಿ ಕೂತು ಹಾಗೇ ಮಾಡಬೇಕೆಂದು ನೆನಪು ಮಾಡಿಕೊಂಡೂ ಇದ್ದೆ. ಆದರೆ ಅವಳ ಎದುರು ಕೂತಾಗ ಮತ್ತೊಂದು ಮೋಸ ಮಾಡಲು ಬಾಯಿ ಬರಲಿಲ್ಲ. ಇದ್ದದ್ದನ್ನೇ ಓದಿದೆ. ಒಬ್ಬ ಬೆಸ್ತರ ಹೆಣ್ಣು, ರೋದನ, ಕಂಬನಿಯ ಕಡಲು, ಪ್ರಾಣನಾಥ. ಅವಳು ತಲೆ ಬಾಗಿಸಿ ಕೇಳಿದಳು. ತುಟಿ ಅಲುಗಲಿಲ್ಲ. ಕಷ್ಟದ ಮಾತು ಬಂದಾಗ ಹುಬ್ಬು ಗಂಟಿಕ್ಕಿದಳು.

“ಪಾಪ. ಆ ಹೆಂಗ್ಸ್ ಯಾವ್ ಊರಿನವ್ಳ್?” ಎಂದು ಕೇಳಿದಳು.

ಬ್ರಹ್ಮಾವರದ ಬದಿಯವಳು ಎಂದುಬಿಟ್ಟೆ.

“ನಮ್ಮನಿಯಗೂ ಹಾಂಗೇ ಒಂದ್ ಸಲ ಆಯಿತ್ತ್” ಎಂದಳು ದುಗ್ಗಮ್ಮ. ಕಾಲು ನೀಡಿ, ಬೆನ್ನನ್ನು ಗೋಡೆಗೆ ಆನಿಸಿ ಕೂತಳು. ನನಗೆ ಸಮಾಧಾನ ಹೇಳುವವಳಂತೆ, ಎಲ್ಲೋ ಇರುವ ಆ ಇನ್ನೊಬ್ಬ ಹೆಂಗಸಿನ ಸಂಕಟಕ್ಕೆ ತನ್ನದನ್ನು ಜತೆ ಕೊಡುವವಳಂತೆ, ತನ್ನ ಕತೆಯನ್ನು ಮೊದಲಿಂದ ಸುರು ಮಾಡಿದಳು. ಅದೇ ಮಾತು, ಅದೇ ನಿಲುಗಡೆ. ಅಂಗಿಯ ಕಿಸೆಯಲ್ಲಿ ನನ್ನ ಪೆನ್ನಿತ್ತು. ಚೀಲದಲ್ಲಿ ನೋಟುಬುಕ್ಕಿತ್ತು. ನಾನು ಅವನ್ನು ತೆಗೆಯಲಿಲ್ಲ. ಗಾಳಿ ಎದ್ದು ದೋಣಿ ಮಗುಚಿತು, ಇಬ್ಬರು ಬಂದರು, ಹೆಂಗಸರು ಬಳೆಯ ಮಾತಾಡಲು ಅಂಗಳಕ್ಕೆ ಬಂದು ನಿಂತರು. ಅಷ್ಟರಲ್ಲಿ ನಾನು ಎದ್ದೆ. ದೋಣಿ ತಪ್ಪುತ್ತದೆ ಎಂದೆ.

ಅವಳು ಬೇಸರಿಸಲಿಲ್ಲ. “ಹೋಯಿ ಬನ್ನಿ. ಇನ್ನೊಂದ್ ದಿನ ಹೇಳ್ತೆ” ಎಂದಳು.

ಮುಂದಿನ ಮಳೆಗಾಲದಲ್ಲಿ ದುಗ್ಗಮ್ಮ ತೀರಿಹೋದ ಸುದ್ದಿ ಬೈಂದೂರಿನಲ್ಲಿ ನನಗೆ ತಿಳಿದಾಗ ತಿಂಗಳು ಕಳೆದಿತ್ತು. ಶೀನನಿಗೆ ಒಂದು ಕಾರ್ಡು ಬರೆದೆ. ಉತ್ತರ ಬರಲಿಲ್ಲ. ಮಲ್ಪೆ ಇಲ್ಲಿಂದ ಅರ್ಧ ದಿನದ ದಾರಿ, ಈವರೆಗೆ ಹೋಗಲಾಗಿಲ್ಲ. ಅವಳ ಮಾತುಗಳಲ್ಲಿ ನನಗೆ ಈಗ ನೆನಪಿರುವುದು ನಾಲ್ಕೈದು, ಮೇಲೆ ಬರೆದಿದ್ದೇನೆ. ಉಳಿದದ್ದನ್ನು ನೆನೆಯಲು ಹೋದರೆ ನಾನು ಬರೆದದ್ದೇ ಅಡ್ಡ ಬರುತ್ತದೆ.

ಅವಳ ಕತೆಯ ನಡುವೆ ಎದ್ದುಬಂದ ಆ ದಿನ ನಾನು ದಡಕ್ಕೆ ಬಂದಾಗ ದೋಣಿ ಇನ್ನೂ ಹೊರಟಿರಲಿಲ್ಲ. ಅಂಬಿಗ ಜನ ಸಾಲದೆಂದು ಬೀಡಿ ಸೇದುತ್ತ ಕೂತಿದ್ದ. ಅದು ಕೊನೆಯ ದೋಣಿಯೂ ಆಗಿರಲಿಲ್ಲ. ಅದರ ನಂತರ ಇನ್ನೂ ಎರಡು ಇದ್ದವು. ನನಗೆ ಅದು ಗೊತ್ತಿತ್ತು.